ಲೆಕ್ಕ ಮನೆಯವರದು, ಕೀಲಿಕೈಯೂ ಅವರದೇ

ಹುಬ್ಬಳ್ಳಿ-ಧಾರವಾಡದ ಅಂಗಡಿ, ಕಚೇರಿ, ಮನೆಗಳ ಲೆಕ್ಕ ಬರೆಯುವ ಎಲ್ಲ ಗೆಳೆಯರಿಗೆ,



ದುರ್ಗದಬೈಲಿನ ಸುತ್ತಲಿನ ಅಂಗಡಿಗಳಿಗೆ ಸಂಜೆ ಹೋಗಿ ಎರಡು ತಾಸು ಟ್ಯಾಲಿ ಮಾಡಿಕೊಟ್ಟು ಬರುವವರು ನೀವು. ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ, ಧಾರವಾಡದ ಸುಭಾಸ ರಸ್ತೆಯ ಮಳಿಗೆಗಳಲ್ಲಿ ದಿನದ ವ್ಯವಹಾರವನ್ನು ಕಂಪ್ಯೂಟರಿಗೆ ಏರಿಸುವವರು ನೀವು. ಲೆಕ್ಕಪರಿಶೋಧಕರ ಕೈಕೆಳಗೆ ಕಲಿಯುತ್ತಿರುವ ಹುಡುಗ ಹುಡುಗಿಯರು, ತೆರಿಗೆ ಸಲಹೆಗಾರರು, ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರು ಕೂಡ ಈ ಪತ್ರವನ್ನು ತಮಗೇ ಬರೆದದ್ದೆಂದು ತಿಳಿಯಬೇಕು. ವಿಷಯ ಒಂದೇ: ಪಾಸ್‌ವರ್ಡ್ ಕಳೆದುಕೊಂಡು ಬಾಯಿ ಮುಚ್ಚಿ ಕೂತ ಹಳೆಯ ಲೆಕ್ಕದ ಫೈಲುಗಳು.

ಈ ಮಾತು ಈಗ ಏಕೆಂದರೆ, ಕಾಲ ಬಂದಿದೆ. ನಮ್ಮ ಅವಳಿ ನಗರದ ವ್ಯಾಪಾರ ಕೀರ್ದಿ-ಖತಾವಣಿಯಿಂದ ಕಂಪ್ಯೂಟರಿಗೆ ಹೊರಳಿದ್ದು ತೊಂಬತ್ತರ ದಶಕದಲ್ಲಿ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಶುರು ಮಾಡಿದ ಪ್ಯೂಟ್ರಾನಿಕ್ಸ್ ಎಂಬ ಬೆಂಗಳೂರಿನ ಕಂಪನಿಯ ಟ್ಯಾಲಿ ತಂತ್ರಾಂಶ ಮೊದಲು ಡಾಸ್‌ನಲ್ಲಿ, ಆಮೇಲೆ ವಿಂಡೋಸ್‌ನಲ್ಲಿ ನಮ್ಮ ಅಂಗಡಿಗಳಿಗೆ ಬಂತು. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಜಾರಿಯಾದಾಗ, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ಉಳಿದವರೂ ಕಂಪ್ಯೂಟರಿನ ಮುಂದೆ ಕೂತರು. ವ್ಯಾಪಾರದ ಜೊತೆಗೇ ಮನೆಯ ಲೆಕ್ಕವೂ ಒಳಗೆ ಸೇರಿತು. ಮಗಳ ಮದುವೆಯ ಖರ್ಚು, ಮನೆ ಕಟ್ಟಿದ ಸಿಮೆಂಟು-ಕಬ್ಬಿಣದ ಬಿಲ್ಲು, ಬೀಗರಿಗೆ ಕೊಟ್ಟ ಕೈಗಡ, ಎಲ್‌ಐಸಿ ಕಂತು, ಶೇರು, ಠೇವಣಿ ಎಲ್ಲವೂ. ಅಂದು ನಲವತ್ತೈದು ವಯಸ್ಸಿನಲ್ಲಿ ಆ ಫೈಲಿಗೆ ಪಾಸ್‌ವರ್ಡ್ ಹಾಕಿದ ಮಾಲೀಕರಿಗೆ ಇಂದು ಎಪ್ಪತ್ತು ದಾಟಿದೆ. ಕೆಲವರಿಗೆ ನೆನಪು ಹೋಗಿದೆ, ಕೆಲವರು ತಾವೇ ಹೋಗಿದ್ದಾರೆ. ಲೆಕ್ಕ ಬರೆದ ದಿವಾನಜಿ ಕೆಲಸ ಬಿಟ್ಟು ಬೆಳಗಾವಿಯಲ್ಲೋ ಪುಣೆಯಲ್ಲೋ ಇದ್ದಾರೆ. ಉಳಿದ ಮನೆಯವರು ನಮ್ಮ ಬಳಿ ಬಂದು ಹೇಳುವ ಮಾತು ಎಲ್ಲ ಕಡೆ ಒಂದೇ: "ಅಪ್ಪಾರು ಎಲ್ಲಾ ಕಂಪ್ಯೂಟರ್‌ನ್ಯಾಗ ಬರದಿಟ್ಟಾರ್ರಿ, ಆದ್ರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ರಿ."

ಆ ಫೈಲು ಹಳೆಯದು, ಹೋದರೆ ಹೋಯಿತು ಎನ್ನುವವರಿದ್ದಾರೆ. ಅವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಕೇಶ್ವಾಪುರದಲ್ಲಿ ಒಬ್ಬರು ಜಾಗ ಕೊಂಡು 2006-07ರಲ್ಲಿ ಮನೆ ಕಟ್ಟಿದರು, ಕಟ್ಟಡಕ್ಕೆ 10 ಲಕ್ಷ ರೂಪಾಯಿ ಖರ್ಚಾಯಿತು ಎಂದಿಟ್ಟುಕೊಳ್ಳಿ. ಅವರ ಮಕ್ಕಳು 2025-26ರಲ್ಲಿ ಅದನ್ನು ಮಾರುತ್ತಾರೆ. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಜಾಗ, ಕಟ್ಟಡಗಳ ಮಾರಾಟಕ್ಕೆ ಇಲ್ಲಿಯೇ ವಾಸವಿರುವ ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಹಿಂದೂ ಕುಟುಂಬಗಳಿಗೆ ಲಾಭದ ಮೇಲಿನ ತೆರಿಗೆಯ ಎರಡು ಲೆಕ್ಕಗಳಲ್ಲಿ ಕಡಿಮೆ ಬೀಳುವುದು ಅನ್ವಯಿಸುತ್ತದೆ: ಹಣದುಬ್ಬರದ ಸೂಚ್ಯಂಕ ಸೇರಿಸಿ ಶೇಕಡಾ 20, ಸೇರಿಸದೆ ಶೇಕಡಾ 12.5. ಸೂಚ್ಯಂಕ 2006-07ಕ್ಕೆ 122, 2025-26ಕ್ಕೆ 376. ಅಂದರೆ ಆ 10 ಲಕ್ಷ ಸೂಚ್ಯಂಕದ ಲೆಕ್ಕದಲ್ಲಿ 30.82 ಲಕ್ಷವಾಗುತ್ತದೆ. ಸೂಚ್ಯಂಕ ಬೇಡವೆಂದರೂ, ಆ 10 ಲಕ್ಷ ಖರ್ಚು ತೋರಿಸಲಾಗದಿದ್ದರೆ ತೆರಿಗೆ 1.25 ಲಕ್ಷದಷ್ಟು ಏರುತ್ತದೆ. ಫೈಲಿನಲ್ಲಿ ಬರೆದ ಒಂದು ಸಾಲು ತಾನೇ ಪುರಾವೆಯಾಗುವುದಿಲ್ಲ, ನಿಜ. ಆದರೆ ಯಾವ ದಿನ, ಯಾವ ಬ್ಯಾಂಕಿನ ಯಾವ ಚೆಕ್ಕಿನಿಂದ, ಯಾರಿಗೆ ಹಣ ಹೋಯಿತು ಎಂದು ಹೇಳುವುದು ಆ ಸಾಲೇ. ಅಟ್ಟದ ಮೇಲಿನ ಟ್ರಂಕಿನಲ್ಲಿ ಯಾವ ಬಿಲ್ಲು ಹುಡುಕಬೇಕೆಂದು ತೋರಿಸುವುದೂ ಅದೇ.

ತೆರಿಗೆಯೊಂದೇ ಅಲ್ಲದೆ ಕಾನೂನೂ ಹಳೆಯ ಲೆಕ್ಕ ಕೇಳುತ್ತದೆ. ಜಿಎಸ್‌ಟಿ ಕಾಯಿದೆ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಪುಸ್ತಕಗಳನ್ನು ಇಡಬೇಕೆನ್ನುತ್ತದೆ. 2013ರ ಕಂಪನಿ ಕಾಯಿದೆ 8 ವರ್ಷ ಎನ್ನುತ್ತದೆ. ಇಟ್ಟಿದ್ದೇವೆ, ಆದರೆ ತೆರೆಯಲು ಬರುವುದಿಲ್ಲ ಎಂದರೆ ಇಟ್ಟಂತಾಗುವುದಿಲ್ಲ. ಅಣ್ಣತಮ್ಮಂದಿರ ಪಾಲು, ಪಾಲುದಾರಿಕೆಯ ವಿಸರ್ಜನೆ, ಉದ್ರಿ ವಸೂಲಿ, ತೀರಿಹೋದವರ ಠೇವಣಿಗಳ ಪತ್ತೆ, ಇವೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಮುಚ್ಚಿದ ಫೈಲಿನ ಎದುರು.

ಹಾಗೆ ಒಂದು ಫೈಲು ನಿಮ್ಮ ಮೇಜಿಗೆ ಬಂದಾಗ ಮೊದಲು ಕೇಳಬೇಕಾದದ್ದು ತಂತ್ರದ ಪ್ರಶ್ನೆಯಲ್ಲ. ಇದನ್ನು ತೆರೆಯುವ ಹಕ್ಕು ಯಾರಿಗಿದೆ? ಪಾಲುದಾರಿಕೆಯ ಫೈಲಾದರೆ ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆ ಬೇಕು. ತೀರಿಹೋದವರ ಸ್ವಂತ ಫೈಲಾದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ನೋಡಿ, ವಾರಸುದಾರರೆಲ್ಲರ ಸಹಿ ಪಡೆಯಿರಿ. ಉಳಿದವರಿಗೆ ಗೊತ್ತಾಗದಂತೆ ಒಬ್ಬ ಮಗ ರಾತ್ರಿ ಲ್ಯಾಪ್‌ಟಾಪ್ ತಂದುಕೊಟ್ಟರೆ ಕೈ ಹಚ್ಚಬೇಡಿ. ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರಿನೊಳಗಿನ ದತ್ತಾಂಶ ತೆಗೆದರೆ, ಅದು ಅಪ್ರಾಮಾಣಿಕವಾಗಿ ಮಾಡಿದ್ದೆಂದು ಸಾಬೀತಾದರೆ, ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 43 ಮತ್ತು 66ನೇ ಕಲಮುಗಳಡಿ 3 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಇದೆ. ಕಾನೂನಿನ ಹೆದರಿಕೆಗಿಂತ ದೊಡ್ಡದೊಂದಿದೆ. ಲೆಕ್ಕ ಬರೆಯುವವನ ಮೇಲೆ ಇಡೀ ಮನೆ ನಂಬಿಕೆ ಇಟ್ಟಿರುತ್ತದೆ, ಮನೆಯ ಒಬ್ಬ ಸದಸ್ಯನಷ್ಟೇ ಅಲ್ಲ.

ಹಕ್ಕು ಖಚಿತವಾದ ಮೇಲೆ ಎರಡನೆಯ ಕೆಲಸ: ಮೂಲ ಫೈಲನ್ನು ಮುಟ್ಟಬೇಡಿ. ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ, ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಕೊಡಬೇಡಿ. ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ, ನಕಲಿನ ಮೇಲಷ್ಟೇ ಕೆಲಸ ಮಾಡಿ. ಹೊಸ ಆವೃತ್ತಿಯ ತಂತ್ರಾಂಶ ಹಳೆಯ ಫೈಲನ್ನು ತೆರೆಯುವಾಗ ಅದನ್ನು ತನ್ನ ರೂಪಕ್ಕೆ ಬದಲಿಸುವುದುಂಟು, ಬದಲಾದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ವ್ಯಾಜ್ಯದ ವಾಸನೆ ಇದ್ದರೆ ಇನ್ನೂ ಎಚ್ಚರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡುವ ಪ್ರಮಾಣಪತ್ರದಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಮೌಲ್ಯ ಬರೆಯಬೇಕಾಗುತ್ತದೆ. ಫೈಲಿನ ಒಂದೇ ಒಂದು ಅಕ್ಷರ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಫೈಲು ಕೈಗೆ ಬಂದ ದಿನವೇ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಹ್ಯಾಶ್ ತೆಗೆದು, ದಿನಾಂಕ ಹಾಕಿ, ತಂದವರ ಸಹಿ ಮಾಡಿಸಿಟ್ಟರೆ ನಾಳೆ ಧಾರವಾಡದ ಕೋರ್ಟಿನಲ್ಲಿ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಮೂರನೆಯದು, ಕೀಲಿ ಯಾವುದೆಂದು ಗುರುತಿಸುವುದು. ಎಲ್ಲ ಪಾಸ್‌ವರ್ಡುಗಳೂ ಒಂದೇ ಬಗೆಯವಲ್ಲ. ಇದು ಗೊತ್ತಿಲ್ಲದೆಯೇ ಎಷ್ಟೋ ಮನೆಯವರು ಸುಲಭವಾಗಿ ಸಿಗಬಹುದಾದ ಲೆಕ್ಕವನ್ನು ಬಿಟ್ಟುಕೊಡುತ್ತಾರೆ, ಎಂದಿಗೂ ತೆರೆಯದ್ದರ ಮೇಲೆ ಸಾವಿರಾರು ರೂಪಾಯಿ ಸುರಿಯುತ್ತಾರೆ.

ಟ್ಯಾಲಿಯಲ್ಲಿ ಎರಡು ಕೀಲಿಗಳಿವೆ. ಒಂದು, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಸೆಕ್ಯುರಿಟಿ ಕಂಟ್ರೋಲ್. ಇನ್ನೊಂದು, ದತ್ತಾಂಶವನ್ನೇ ಗುಪ್ತಲಿಪಿಗೆ ತಿರುಗಿಸುವ ಟ್ಯಾಲಿವಾಲ್ಟ್. ಕಂಪನಿಗಳ ಪಟ್ಟಿಯಲ್ಲಿ ಹೆಸರು ನೇರವಾಗಿ ಕಾಣುತ್ತಿದ್ದು, ಆರಿಸಿದ ಮೇಲೆ ಬಳಕೆದಾರರ ಹೆಸರು ಕೇಳಿದರೆ ಅದು ಮೊದಲನೆಯದು. ಹೆಸರಿನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆಗಳಿದ್ದರೆ ಅದು ವಾಲ್ಟ್. ಮೊದಲನೆಯದರಲ್ಲಿ ಆಸೆ ಇದೆ. ಅಂಗಡಿಯ ಇನ್ನೊಬ್ಬ ನೌಕರನ ಹೆಸರಿನಲ್ಲಿ ಬೇರೆ ಪಾಸ್‌ವರ್ಡ್ ಇದ್ದಿರಬಹುದು. ಅವನಿಗೆ ನೋಡುವ ಅಧಿಕಾರವಷ್ಟೇ ಇದ್ದರೂ ನಮಗೆ ಸಾಕು. ಅದೂ ಇಲ್ಲದಿದ್ದರೆ ಮಾಲೀಕತ್ವದ ಕಾಗದಗಳೊಂದಿಗೆ ಅಧಿಕೃತ ಟ್ಯಾಲಿ ಪಾಲುದಾರರನ್ನು ಕೇಳುವುದೇ ಸರಿಯಾದ ದಾರಿ.

ವಾಲ್ಟ್ ಇದ್ದರೂ ಕೈಚೆಲ್ಲುವ ಮೊದಲು ಒಂದು ಕಡೆ ನೋಡಿ. ಟ್ಯಾಲಿ ಇಆರ್‌ಪಿ 9ರ ಕಾಲದಲ್ಲಿ ಇರುವ ಕಂಪನಿಗೆ ವಾಲ್ಟ್ ಹಾಕಿದಾಗ ಸಾಮಾನ್ಯವಾಗಿ ಹೊಸ ಸಂಖ್ಯೆಯ ಫೋಲ್ಡರಿನಲ್ಲಿ ಗುಪ್ತಲಿಪಿಯ ಪ್ರತಿ ತಯಾರಾಗುತ್ತಿತ್ತು. ಮೊದಲಿನ ಪ್ರತಿಯನ್ನು ಯಾರಾದರೂ ಅಳಿಸದಿದ್ದರೆ ಅದು ಹಳೆಯ ಸಂಖ್ಯೆಯಲ್ಲೇ ಉಳಿಯುತ್ತಿತ್ತು. ಡೇಟಾ ಫೋಲ್ಡರಿನಲ್ಲಿ 10000, 10001 ಎಂಬಂಥ ಹೆಸರಿನ ಉಪಫೋಲ್ಡರುಗಳನ್ನು ಒಂದೊಂದಾಗಿ ನೋಡಿ. ಟಿಬಿಕೆ900 ಎಂದು ಶುರುವಾಗುವ ಬ್ಯಾಕಪ್ ಫೈಲುಗಳನ್ನು ಪೆನ್‌ಡ್ರೈವ್, ಸಿಡಿ, ಹಳೆಯ ಇಮೇಲ್‌ಗಳಲ್ಲಿ ಹುಡುಕಿ. ಪ್ರತಿ ವರ್ಷ ಆಡಿಟ್‌ಗೆಂದು ಲೆಕ್ಕಪರಿಶೋಧಕರಿಗೆ ಕಳಿಸಿದ ಪ್ರತಿ ಅವರ ಕಂಪ್ಯೂಟರಿನಲ್ಲಿ ಕೀಲಿಯಿಲ್ಲದೆಯೇ ಮಲಗಿರಬಹುದು. ಟ್ಯಾಲಿ 7.2ರ ಕಾಲದ ದತ್ತಾಂಶವಾದರೆ, ಅದನ್ನು ಇಆರ್‌ಪಿ 9ಕ್ಕೆ ತರಲು ಕಂಪನಿಯೇ ಕೊಟ್ಟ ವರ್ಗಾವಣೆ ಸಾಧನವಿತ್ತು. ಫೈಲು ತೆರೆಯಲಿಲ್ಲ ಎಂದಾಕ್ಷಣ ಪಾಸ್‌ವರ್ಡನ್ನೇ ದೂರಬೇಡಿ, ಆವೃತ್ತಿ ಹೊಂದದೆಯೂ ಇರಬಹುದು.

ಎಕ್ಸೆಲ್‌ನಲ್ಲಿ ಮನೆಯ ಲೆಕ್ಕ ಬರೆದವರು ನಮ್ಮಲ್ಲಿ ಬಹಳ. ಅಲ್ಲಿ ವಯಸ್ಸೇ ವಿಷಯ. ಹಾಳೆ ತೆರೆದುಕೊಂಡು, ಅಂಕಿ ಬದಲಿಸಲು ಮಾತ್ರ ಬಿಡದಿದ್ದರೆ ಅದು ಗುಪ್ತಲಿಪಿಯೇ ಅಲ್ಲ, ಅಂಕಿಗಳೆಲ್ಲ ಕಣ್ಣಮುಂದೆಯೇ ಇವೆ. ಫೈಲು ತೆರೆಯಲೇ ಪಾಸ್‌ವರ್ಡ್ ಕೇಳುವುದು ಬೇರೆ. ಎಕ್ಸೆಲ್ 97ರಿಂದ 2003ರವರೆಗಿನ ಫೈಲುಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು 40 ಬಿಟ್‌ನ ದುರ್ಬಲ ಕೀಲಿ. ಒಟ್ಟು ಸಾಧ್ಯತೆಗಳು ಸುಮಾರು 1.1 ಲಕ್ಷ ಕೋಟಿ. ಕೇಳಲು ದೊಡ್ಡ ಸಂಖ್ಯೆ, ಆದರೆ ಇಂದಿನ ಕಂಪ್ಯೂಟರಿಗೆ ಅದನ್ನು ಪೂರ್ತಿ ತಡಕಿ ಮುಗಿಸಲು ಸಾಧ್ಯ. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಫೈಲು ತೆರೆದೀತು. 2007ರಿಂದ ಆಟ ಬದಲಾಯಿತು. ಎಕ್ಸೆಲ್ 2007 ಪ್ರತಿ ಪಾಸ್‌ವರ್ಡನ್ನೂ 50,000 ಸಲ ಅರೆದು ಕೀಲಿ ಮಾಡುತ್ತದೆ, 2010 ಮತ್ತು ನಂತರದವು 1,00,000 ಸಲ. ಅಲ್ಲಿ ಪ್ರತಿ ಊಹೆಗೂ ಸಮಯ ತಗಲುತ್ತದೆ, ಪಾಸ್‌ವರ್ಡ್ ಸಿಗದೆ ದಾರಿಯಿಲ್ಲ.

ಹಳೆಯ ಬಗೆಯ ಜಿಪ್ ಫೈಲಿನ ಕೀಲಿಯೂ ದುರ್ಬಲವೇ. ಒಳಗಿರುವ ಫೈಲುಗಳಲ್ಲಿ ಒಂದರ ತೆರೆದ ಪ್ರತಿ ನಿಮ್ಮ ಬಳಿ ಇದ್ದರೆ ಉಳಿದವನ್ನೂ ಬಿಡಿಸುವ ವಿಧಾನವನ್ನು ಬಿಹಾಮ್ ಮತ್ತು ಕೋಚರ್ ಎಂಬ ಸಂಶೋಧಕರು 1994ರಲ್ಲೇ ತೋರಿಸಿದ್ದಾರೆ. ಪಿಡಿಎಫ್‌ಗಳಲ್ಲಿ ಬಹುಪಾಲು ಮರೆತ ಪಾಸ್‌ವರ್ಡುಗಳೇ ಅಲ್ಲ, ಸೂತ್ರಗಳು: ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪತ್ರಕ್ಕೆ ಸಣ್ಣ ಅಕ್ಷರಗಳಲ್ಲಿ ಪ್ಯಾನ್, ಅದರ ಬೆನ್ನಿಗೇ ಎಂಟು ಅಂಕಿಗಳಲ್ಲಿ ಹುಟ್ಟಿದ ದಿನ, ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಹುಟ್ಟಿದ ವರ್ಷ. ಬ್ಯಾಂಕಿನವರು ಕಳಿಸಿದ ಇಮೇಲ್‌ನಲ್ಲೇ ಸೂತ್ರ ಬರೆದಿರುತ್ತದೆ.

ಅಮೆರಿಕದಲ್ಲಿ ದುಡಿದು ಧಾರವಾಡಕ್ಕೆ ಮರಳಿದ ಹಿರಿಯರ ಮನೆಗಳಲ್ಲಿ ಕ್ವಿಕನ್, ಮೈಕ್ರೋಸಾಫ್ಟ್ ಮನಿ ಎಂಬ ಮನೆಲೆಕ್ಕದ ತಂತ್ರಾಂಶಗಳ ಫೈಲುಗಳು ಸಿಗುತ್ತವೆ. ಮನಿ ತಂತ್ರಾಂಶದ ಮಾರಾಟ 2009ರಲ್ಲಿ ನಿಂತಿತು. ಹಳೆಯ ಫೈಲು ತೆರೆಯಲೆಂದೇ 2010ರಲ್ಲಿ ಕಂಪನಿ ಸನ್‌ಸೆಟ್ ಎಂಬ ಕೊನೆಯ ಆವೃತ್ತಿಯನ್ನು ಉಚಿತವಾಗಿ ಬಿಟ್ಟಿತು. ಪಾಸ್‌ವರ್ಡ್ ಗೊತ್ತಿದ್ದೂ ತಂತ್ರಾಂಶ ಇಲ್ಲದೆ ಕೂತವರಿಗೆ ಅದೇ ದಾರಿ.

ಈಗ ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡಿಗೆ 20,882 ಕೋಟಿಗೂ ಹೆಚ್ಚು ಸಾಧ್ಯತೆಗಳಿವೆ. ಸೆಕೆಂಡಿಗೆ 10,000 ಊಹೆ ಮಾಡುವ ಯಂತ್ರಕ್ಕೂ ಅದನ್ನು ಪೂರ್ತಿ ಮುಗಿಸಲು ಸುಮಾರು 242 ದಿನ ಬೇಕು. ಅದೇ ಯಂತ್ರಕ್ಕೆ ಮನೆಯವರು ನೆನಪಿಸಿಕೊಂಡು ಬರೆದುಕೊಟ್ಟ ಇನ್ನೂರು ಪದಗಳು, ಪ್ರತಿಯೊಂದರ ಹಿಂದೆ 000ದಿಂದ 999ರವರೆಗಿನ ಅಂಕಿ ಕೊಟ್ಟರೆ ಆಗುವುದು 2 ಲಕ್ಷ ಊಹೆ. ಇಪ್ಪತ್ತು ಸೆಕೆಂಡಿನ ಕೆಲಸ. ಜಾನ್ ದಿ ರಿಪ್ಪರ್, ಹ್ಯಾಶ್‌ಕ್ಯಾಟ್‌ನಂಥ ಮುಕ್ತ ತಂತ್ರಾಂಶಗಳು ಯಾರಿಗಾದರೂ ಸಿಗುತ್ತವೆ. ಆದರೆ ಅವಕ್ಕೆ ತೀರಿಹೋದವರ ಪರಿಚಯವಿಲ್ಲ. ಮನೆಯವರಿಗಿದೆ, ನಿಮಗಿದೆ.

ಹೀಗಾಗಿ ಯಂತ್ರ ಹಚ್ಚುವ ಮೊದಲು ಮನೆಯವರನ್ನು ಕೂಡಿಸಿ ಮಾತಾಡಿಸಿ. ಮನೆದೇವರು ಯಾರು? ಅಂಗಡಿಗೆ ಮೊದಲು ಇಟ್ಟ ಹೆಸರೇನು? ಮೊಮ್ಮಗಳನ್ನು ಏನೆಂದು ಕರೆಯುತ್ತಿದ್ದರು? ಮೊದಲ ಸ್ಕೂಟರಿನ ನಂಬರು ಯಾವುದು? ಕೆಎ 25ರ ಮುಂದಿನ ಆ ನಾಲ್ಕು ಅಂಕಿಗಳನ್ನು ಎಷ್ಟೋ ಹಿರಿಯರು ಕೊನೆತನಕ ಬಿಟ್ಟಿಲ್ಲ. ಹಳೆಯ ಲ್ಯಾಂಡ್‌ಲೈನ್ ನಂಬರು, 0836 ಸೇರಿಸಿ, ಬಿಟ್ಟು. ಮದುವೆಯ ದಿನ, ಮಕ್ಕಳು ಹುಟ್ಟಿದ ದಿನ, ಗೃಹಪ್ರವೇಶದ ದಿನ. ಊರಿನ ಹೆಸರು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಹುಬ್ಬಳ್ಳಿ ಆದದ್ದು 2014ರ ನವೆಂಬರ್ 1ರಂದು; ಅದಕ್ಕಿಂತ ಹಿಂದಿನ ಫೈಲಾದರೆ ಇಂಗ್ಲಿಷಿನಲ್ಲಿ ಹುಬ್ಳಿ ಎಂದು ಹೊಡೆದಿರುವ ಸಂಭವವೇ ಹೆಚ್ಚು. ಸಿದ್ಧಾರೂಢ, ಮುರುಘೇಂದ್ರ, ಯಲ್ಲಮ್ಮ, ಬನಶಂಕರಿ, ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಒಬ್ಬೊಬ್ಬರದು ಒಂದೊಂದು ದಾರಿ. ಅವರು ತಮ್ಮ ಕೈಯಾರೆ ಲಗ್ನಪತ್ರಿಕೆಯಲ್ಲೋ ಅರ್ಜಿಯಲ್ಲೋ ಆ ಹೆಸರನ್ನು ಹೇಗೆ ಬರೆದಿದ್ದರೆಂದು ನೋಡಿ ಅದನ್ನೇ ಪಟ್ಟಿಗೆ ಹಾಕಿ. ಡೈರಿಯ ಕೊನೆಯ ಪುಟ, ಕ್ಯಾಲೆಂಡರಿನ ಹಿಂಬದಿ, ಪಾಸ್‌ಬುಕ್ಕಿನ ಒಳರಟ್ಟು, ಕೀಬೋರ್ಡಿನ ಅಡಿ, ಮಾನಿಟರಿನ ಅಂಚು, ಎಲ್ಲ ನೋಡಿ. ಕೆಲಸ ಬಿಟ್ಟುಹೋದ ದಿವಾನಜಿಗೆ ಗೌರವದಿಂದ ಒಂದು ಫೋನು ಮಾಡಿ. ಹತ್ತು ವರ್ಷದ ಹಿಂದೆ ದಿನಾ ಹೊಡೆದ ಪಾಸ್‌ವರ್ಡನ್ನು ಮನಸ್ಸು ಮರೆತರೂ, ಕೀಬೋರ್ಡಿನ ಮುಂದೆ ಕೂರಿಸಿದರೆ ಬೆರಳು ಹೊಡೆಯುವುದುಂಟು.

ಇಷ್ಟಾದರೂ ತೆರೆಯದ ಫೈಲುಗಳಿವೆ. ವಾಲ್ಟ್‌ನ ಪಾಸ್‌ವರ್ಡ್ ಕಳೆದರೆ ದತ್ತಾಂಶ ತೆಗೆಯಲು ಬರುವುದಿಲ್ಲ ಎಂದು ಟ್ಯಾಲಿ ಕಂಪನಿಯೇ ಹೇಳುತ್ತದೆ. ಕಂಪನಿಯ ಬಳಿ ಒಂದು ಗುಪ್ತ ಕೀಲಿಕೈ ಇರಬಾರದಿತ್ತೇ ಎಂದು ಮನೆಯವರು ಕೇಳುತ್ತಾರೆ. 2007ರಲ್ಲಿ ಮಾಸ್ಕೋದ ಎಲ್ಕಾಮ್‌ಸಾಫ್ಟ್ ಕಂಪನಿ, ಅಮೆರಿಕದ ಇಂಟ್ಯೂಟ್ ತನ್ನ ಕ್ವಿಕನ್ ಫೈಲುಗಳಿಗೆ ಅಂಥದೇ ಒಂದು ಹಿಂಬಾಗಿಲು ಇಟ್ಟಿದೆ, ಅದರ 512 ಬಿಟ್‌ನ ಕೀಲಿಯನ್ನು ನಾವು ಭೇದಿಸಿದ್ದೇವೆ ಎಂದು ಸಾರಿತು. ಮರೆತವರಿಗೆ ನೆರವಾಗಲೆಂದು ಇಟ್ಟ ಕೀಲಿಕೈ ಬೇರೆಯವರ ಕೈಗೂ ಸಿಗಬಲ್ಲದು. ಸಾಲಗಾರರ ಪಟ್ಟಿ, ಸರಕಿನ ಬೆಲೆ, ಮನೆಯ ಗುಟ್ಟು ಎಲ್ಲ ತುಂಬಿದ ಫೈಲಿಗೆ ಗಟ್ಟಿ ಕೀಲಿ ಬೇಕೇ ಬೇಕು. ಗಟ್ಟಿ ಕೀಲಿಯ ಬೆಲೆಯೆಂದರೆ ಕೀಲಿಕೈ ಕಾಯುವ ಹೊಣೆ ಪೂರ್ತಿ ನಮ್ಮ ಮೇಲೆ ಬೀಳುವುದು. ಈ ಮಾತನ್ನು ಮನೆಯವರಿಗೆ ನೇರವಾಗಿ ಹೇಳಿ. ಆಗದ ಕೆಲಸವನ್ನು ಆಗುತ್ತದೆ ಎಂದು ಮುಂಗಡ ತೆಗೆದುಕೊಳ್ಳಬೇಡಿ. ಯಾವ ಫೈಲನ್ನಾದರೂ ತೆರೆದುಕೊಡುತ್ತೇವೆ ಎನ್ನುವ ಮುಖಪರಿಚಯವಿಲ್ಲದವರಿಗೆ ಫೈಲು ಕಳಿಸಲು ಬಿಡಲೂಬೇಡಿ. ತೆರೆದುಕೊಂಡರೆ ಆ ಮನೆಯ ಬ್ಯಾಂಕ್ ಖಾತೆ, ಪ್ಯಾನ್, ಪಾಲಿಸಿ ನಂಬರುಗಳೆಲ್ಲ ಅವರ ಕೈಗೆ ಹೋಗುತ್ತವೆ.

ಫೈಲು ತೆರೆಯದಿದ್ದರೂ ಲೆಕ್ಕ ಸತ್ತಿರುವುದಿಲ್ಲ. ಪ್ರತಿ ವ್ಯವಹಾರಕ್ಕೂ ಎರಡು ಬದಿ ಎಂದು ನಾವೇ ಕಲಿತಿದ್ದೇವೆ; ನಮ್ಮ ಬದಿ ಮುಚ್ಚಿದ್ದರೆ ಎದುರು ಬದಿಯಿಂದ ಕಟ್ಟುತ್ತ ಬನ್ನಿ. ಲೆಕ್ಕಪರಿಶೋಧಕರ ಕಪಾಟಿನಲ್ಲಿ ಸಹಿಯಾದ ಅಢಾವೆ ಪತ್ರಿಕೆ ಇರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆದ ಖತಾವಣಿಯ ಕಟ್ಟು ಗೋದಾಮಿನಲ್ಲಿರಬಹುದು. ಮ್ಯೂಚುವಲ್ ಫಂಡುಗಳಿಗೆ ಪ್ಯಾನ್ ಆಧಾರದ ಒಟ್ಟು ಖಾತಾಪತ್ರ ಸಿಗುತ್ತದೆ. 10 ವರ್ಷ ಯಾರೂ ಮುಟ್ಟದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ, ವಾರಸುದಾರರು ಕೇಳಿದರೆ ಬ್ಯಾಂಕು ಮರಳಿ ಕೊಡಬೇಕು. ಅವನ್ನು ಹುಡುಕಲು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದೆ. 7 ವರ್ಷ ಪಡೆಯದ ಡಿವಿಡೆಂಡ್ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ, ಅದನ್ನೂ ಮರಳಿ ಕೇಳಬಹುದು.

ಹಾಗೆ ಹುಡುಕುವಾಗ ಬ್ಯಾಂಕುಗಳ ವಂಶಾವಳಿ ಗೊತ್ತಿರಬೇಕು. ಹಳೆಯ ಪಾಸ್‌ಬುಕ್ಕಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಿಗೆ ಸೇರಿದವು. ನಮ್ಮ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆಯಿತು, ಅದು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಆ ಬ್ಯಾಂಕೇ ಈಗಿಲ್ಲ ಎಂದು ಕೈಬಿಟ್ಟ ಠೇವಣಿ ಇನ್ನೊಂದು ಹೆಸರಿನಡಿ ಕಾಯುತ್ತಿರುತ್ತದೆ. ನೊಂದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬಲ್ಲವರು ನಾವೇ.

ಇನ್ನು ಮುಂದಿನ ಮಾತು. ಅಂಗಡಿಯ ತಿಜೋರಿಯ ಕೀಲಿಕೈಯನ್ನು ಗುಮಾಸ್ತ ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟರೆ ಅದನ್ನು ಏನೆನ್ನುತ್ತೇವೆ? ಪಾಸ್‌ವರ್ಡಿನ ವಿಷಯದಲ್ಲಿ ಅದೇ ಕೆಲಸ ನಮ್ಮ ವೃತ್ತಿಯಲ್ಲಿ ನಡೆದುಬಂದಿದೆ. ಸಂಬಳ ಬಾಕಿ ಇದೆ ಎಂದು ಪಾಸ್‌ವರ್ಡ್ ಹಿಡಿದಿಟ್ಟುಕೊಳ್ಳುವವರಿದ್ದಾರೆ. ಬಾಕಿ ಸಂಬಳ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಕಾರ್ಮಿಕ ಇಲಾಖೆ ಇದೆ, ನ್ಯಾಯಾಲಯ ಇದೆ, ಮಾಲೀಕರಿಗೆ ಬುದ್ಧಿ ಹೇಳುವ ಹಿರಿಯರಿದ್ದಾರೆ. ಆದರೆ ಲೆಕ್ಕ ನಿಮ್ಮದಲ್ಲ. ನೀವು ಬರೆದಿರಿ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಮಾಲೀಕರಿಗೂ ಇದೇ ಉಸಿರಿನಲ್ಲಿ ಹೇಳುತ್ತೇನೆ: ದುಡಿದವರ ಸಂಬಳ ಹೊತ್ತಿಗೆ ಸರಿಯಾಗಿ ಕೊಟ್ಟ ಅಂಗಡಿಯಲ್ಲಿ ಈ ಜಗಳ ಹುಟ್ಟುವುದಿಲ್ಲ.

ನಮ್ಮ ಕಡೆ ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕಗಳನ್ನಿಟ್ಟು, ಬಲಿಪಾಡ್ಯಮಿಗೆ ಹೊಸ ಪುಸ್ತಕ ತೆರೆಯುವ ರೂಢಿ ಇದೆ. ಪುಸ್ತಕದ ಜಾಗಕ್ಕೆ ಲ್ಯಾಪ್‌ಟಾಪ್ ಬಂದರೂ ಪೂಜೆ ನಿಂತಿಲ್ಲ. ಅದೇ ದಿನ ನಾಲ್ಕು ಕೆಲಸ ಮಾಡಿ ಎಂಬುದು ನನ್ನ ಕೋರಿಕೆ. ಒಂದು, ಫೈಲಿನ ಹೆಸರು, ತಂತ್ರಾಂಶದ ಆವೃತ್ತಿ, ಬಳಕೆದಾರರ ಹೆಸರು, ಪಾಸ್‌ವರ್ಡ್ ಇವನ್ನು ಕಾಗದದ ಮೇಲೆ ಕೈಯಾರೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಡ್ಡ ಸಹಿ ಮಾಡಿ, ಮಾಲೀಕರ ಲಾಕರಿನಲ್ಲಿ ಇಡಿಸಿ. ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ಎರಡು, ಕಳೆದ ವರ್ಷದ ಖತಾವಣಿ, ಅಢಾವೆ ಪತ್ರಿಕೆ, ಆಸ್ತಿ ಮತ್ತು ಹೂಡಿಕೆಗಳ ಪಟ್ಟಿಯನ್ನು ಪಾಸ್‌ವರ್ಡ್ ಇಲ್ಲದ ಪಿಡಿಎಫ್ ಮಾಡಿ ಒಂದು ಪೆನ್‌ಡ್ರೈವಿನಲ್ಲೂ ಮುದ್ರಿಸಿದ ಕಟ್ಟಿನಲ್ಲೂ ಅದೇ ಲಾಕರಿನಲ್ಲಿಡಿ. ತಂತ್ರಾಂಶಗಳು ಬದಲಾಗುತ್ತವೆ, ಕಾಗದವನ್ನು ಮೊಮ್ಮಕ್ಕಳೂ ಓದಬಲ್ಲರು. ಮೂರು, ಬ್ಯಾಕಪ್ ಇದೆ ಎಂದು ನಂಬಿ ಕೂರದೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ. ನಾಲ್ಕು, ಹಳೆಯ ಆವೃತ್ತಿಯ ದತ್ತಾಂಶವಿದ್ದರೆ ಪಾಸ್‌ವರ್ಡ್ ಬಲ್ಲವರು ಬದುಕಿರುವಾಗಲೇ ಹೊಸ ಆವೃತ್ತಿಗೆ ತನ್ನಿ.

ಕೆಲಸ ಬಿಡುವಾಗ ಚಾರ್ಜ್ ಕೊಡುವ ಕಾಗದದಲ್ಲಿ ಪಾಸ್‌ವರ್ಡ್ ಒಪ್ಪಿಸಿದ್ದೇನೆ ಎಂಬ ಸಾಲು ಸೇರಿಸಿ, ಎರಡೂ ಕಡೆಯವರ ಸಹಿ ಮಾಡಿಸಿ, ನಿಮ್ಮ ಕಣ್ಣೆದುರೇ ಹೊಸ ಪಾಸ್‌ವರ್ಡ್ ಹಾಕಿಸಿ. ಅದು ಮಾಲೀಕರಿಗೆ ಎಷ್ಟು ರಕ್ಷಣೆಯೋ ನಿಮಗೂ ಅಷ್ಟೇ. ಮುಂದೆ ಲೆಕ್ಕದಲ್ಲಿ ಏನೇ ಏರುಪೇರಾದರೂ ನಿಮ್ಮ ಮೇಲೆ ಬೆರಳು ಬರುವುದಿಲ್ಲ. ವಾಲ್ಟ್ ಹಾಕುವ ಮುನ್ನ, ಪಾಸ್‌ವರ್ಡ್ ಕಳೆದರೆ ಏನಾಗುತ್ತದೆಂದು ಮಾಲೀಕರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಲೆಕ್ಕಪರಿಶೋಧಕರ ಸಂಸ್ಥೆಯ ಹುಬ್ಬಳ್ಳಿ ಶಾಖೆ, ಟ್ಯಾಲಿ ಕಲಿಸುವ ತರಬೇತಿ ಕೇಂದ್ರಗಳು ಒಂದು ಮಾದರಿ ಚಾರ್ಜ್ ಪತ್ರವನ್ನು ಕನ್ನಡದಲ್ಲಿ ಮಾಡಿ ಹಂಚಿದರೆ ದೊಡ್ಡ ಉಪಕಾರವಾದೀತು. ನಮೂದು ಹೊಡೆಯುವುದನ್ನು ಮೊದಲ ದಿನ ಕಲಿಸುವವರು, ಕೀಲಿಕೈ ಒಪ್ಪಿಸುವುದನ್ನೂ ಅದೇ ವಾರ ಕಲಿಸಲಿ.

ಗೆಳೆಯರೇ, ಈ ದೀಪಾವಳಿಯವರೆಗೆ ಕಾಯಬೇಡಿ. ನೀವು ಲೆಕ್ಕ ಬರೆಯುವ ಅಂಗಡಿಗಳಲ್ಲಿ ಅತಿ ಹಿರಿಯ ಮಾಲೀಕರು ಯಾರೋ ಅವರ ಬಳಿ ನಾಳೆಯೇ ಹೋಗಿ. ಹಳೆಯ ಫೈಲುಗಳನ್ನು ಅವರ ಎದುರಿಗೇ ತೆರೆಯಿಸಿ, ಪಾಸ್‌ವರ್ಡ್ ಬರೆಯಿಸಿ, ಲಕೋಟೆ ಅಂಟಿಸಿ ಅವರ ಮನೆಯವರ ಕೈಗೆ ಕೊಡಿ.

ಇಂತಿ,
ನಿಮ್ಮಂತೆಯೇ ಲೆಕ್ಕ ಬರೆಯುವ ಒಬ್ಬ ವೃತ್ತಿಬಾಂಧವ